ಕೈಯಿಲ್ಲದ ನಟ, ಕದಲದ ಮುಖ: ಈಸ್ಟರ್ ಮಿಠಾಯಿಯಲ್ಲಿ ಕ್ಲಾಸಿಕ್ ಸಿನಿಮಾದ ಅಣಕ

ಪೀಪ್ಸ್ ಎಂಬ ಮಿಠಾಯಿಗೆ ಕೈಯಿಲ್ಲ, ಕಾಲಿಲ್ಲ. ಬಾಯಿ ತೆರೆಯುವುದಿಲ್ಲ, ಕಣ್ಣು ಮಿಟುಕಿಸುವುದಿಲ್ಲ. ಮಾರ್ಷ್‌ಮ್ಯಾಲೋ ಎಂಬ ಸ್ಪಂಜಿನಂಥ ಮೆತ್ತನೆ ಸಿಹಿಯಿಂದ ಮಾಡಿದ, ಬಣ್ಣದ ಸಕ್ಕರೆ ಮೆತ್ತಿಕೊಂಡ ಕೋಳಿಮರಿ ಅದು. ಈಸ್ಟರ್ ಹತ್ತಿರ ಬಂತೆಂದರೆ ಅಮೆರಿಕದ ಅಂಗಡಿಗಳಲ್ಲಿ ಹಳದಿ, ಗುಲಾಬಿ, ನೀಲಿ ಬಣ್ಣಗಳಲ್ಲಿ ಸಾಲಾಗಿ ಕೂತಿರುತ್ತದೆ. ಇದನ್ನೇ ನಾಯಕ, ನಾಯಕಿ, ಖಳನಾಯಕ ಮಾಡಿ ಹಳೆಯ ಪ್ರಸಿದ್ಧ ಸಿನಿಮಾಗಳ ಅಣಕು ಚಿತ್ರ ತೆಗೆಯುವ ಹವ್ಯಾಸಿಗಳು ಅಲ್ಲಿ ಬಹಳ ಮಂದಿ. ಒಳ್ಳೆಯ ಅಣಕವನ್ನು ನೋಡುತ್ತಾ ಕೂತರೆ ಅರ್ಧ ನಿಮಿಷದೊಳಗೆ ಅದು ಮಿಠಾಯಿ ಎನ್ನುವುದೇ ಮರೆತುಹೋಗುತ್ತದೆ. ಕೆಟ್ಟದ್ದರಲ್ಲಿ ಕೊನೆಯವರೆಗೂ ಮಿಠಾಯಿಯಷ್ಟೇ ಕಾಣುತ್ತದೆ. ಇಷ್ಟು ವ್ಯತ್ಯಾಸ ಏಕೆ ಬರುತ್ತದೆ, ಹೇಗೆ ಬರುತ್ತದೆ ಎಂದು ಇಲ್ಲಿ ಬಿಡಿಸಿ ಹೇಳಿದೆ.

ಮೊದಲೇ ಹೇಳಿಬಿಡಬೇಕಾದ ಮಾತೊಂದಿದೆ. ಮಿಠಾಯಿ ನಟಿಸುವುದಿಲ್ಲ. ನಟನೆಯ ಕೆಲಸವನ್ನೆಲ್ಲ ಬೆಳಕು, ಕ್ಯಾಮೆರಾದ ಎತ್ತರ ಮತ್ತು ಸಂಕಲನದ ಕತ್ತರಿ ಮಾಡಬೇಕು. ಸೋವಿಯತ್ ನಿರ್ದೇಶಕ ಲೆವ್ ಕುಲೆಶೋವ್ ಒಂದು ಶತಮಾನದ ಹಿಂದೆಯೇ ಇದನ್ನು ತೋರಿಸಿಕೊಟ್ಟರು. ಭಾವವಿಲ್ಲದ ಒಂದೇ ಮುಖದ ಶಾಟ್ ಪಕ್ಕದಲ್ಲಿ ಒಮ್ಮೆ ಸೂಪಿನ ಬಟ್ಟಲು, ಒಮ್ಮೆ ಶವಪೆಟ್ಟಿಗೆ ಇಟ್ಟರೆ ಪ್ರೇಕ್ಷಕರಿಗೆ ಅದೇ ಮುಖದಲ್ಲಿ ಒಮ್ಮೆ ಹಸಿವು, ಒಮ್ಮೆ ದುಃಖ ಕಾಣುತ್ತದೆ. ಮಾರ್ಷ್‌ಮ್ಯಾಲೋ ಮರಿಯಷ್ಟು ಭಾವವಿಲ್ಲದ ಮುಖ ಇನ್ನೆಲ್ಲಿ ಸಿಕ್ಕೀತು? ಹಾಗಾಗಿ ಯಾವ ದೃಶ್ಯದ ಬಲ ನಟರ ಮುಖದಲ್ಲಿದೆಯೋ ಅದನ್ನು ಮುಟ್ಟಬೇಡಿ. ಬಲವೆಲ್ಲ ಒಂದು ಶಾಟ್‌ನಿಂದ ಇನ್ನೊಂದಕ್ಕೆ ಹಾರುವ ಕಟ್‌ಗಳಲ್ಲಿ, ನೆರಳಿನಲ್ಲಿ, ಚೌಕಟ್ಟಿನಲ್ಲಿ ಇರುವ ದೃಶ್ಯವನ್ನು ಆರಿಸಿಕೊಳ್ಳಿ.

ನಟನಿಗೆ ಕೈಯಿಲ್ಲದ್ದಕ್ಕೂ ಕಾರಣವಿದೆ. ಜಸ್ಟ್ ಬಾರ್ನ್ ಕಂಪನಿಯನ್ನು ಸ್ಯಾಮ್ ಬಾರ್ನ್ 1923ರಲ್ಲಿ ಬ್ರೂಕ್ಲಿನ್‌ನಲ್ಲಿ ಶುರುಮಾಡಿದರು. 1932ರಲ್ಲಿ ಅದು ಪೆನ್ಸಿಲ್ವೇನಿಯಾದ ಬೆತ್ಲೆಹೆಮ್‌ಗೆ ಬಂತು. 1953ರಲ್ಲಿ ರಾಡ್ಡಾ ಎಂಬ ಮಿಠಾಯಿ ಕಂಪನಿಯನ್ನು ಕೊಂಡಾಗ ಈ ಮರಿಗಳೂ ಅದರ ಜೊತೆಗೇ ಬಂದವು. ಆಗ ಹೆಂಗಸರು ಒಂದೊಂದೇ ಮರಿಯನ್ನು ಕೈಯಿಂದ ಹಿಂಡಿ ಮಾಡುತ್ತಿದ್ದರು. ಒಂದು ಮರಿ ತಯಾರಾಗಲು 27 ಗಂಟೆ ಹಿಡಿಯುತ್ತಿತ್ತು. ಸ್ಯಾಮ್ ಅವರ ಮಗ ಬಾಬ್ ಬಾರ್ನ್ ಯಂತ್ರ ಕಟ್ಟಿದ ಮೇಲೆ ಆ ಕೆಲಸ ಈಗಿನ ಆರು ನಿಮಿಷದ ಲೆಕ್ಕಕ್ಕೆ ಇಳಿಯಿತು. ಹಳೆಯ ಮರಿಗಳಿಗೆ ಪುಟ್ಟ ರೆಕ್ಕೆಗಳಿದ್ದವು. 1950ರ ದಶಕದಲ್ಲೇ ಅವನ್ನು ಕೈಬಿಟ್ಟರು. ಮಿಠಾಯಿಯಿಂದ ಸಿನಿಮಾ ದೃಶ್ಯ ಕಟ್ಟುವ ಚಟಕ್ಕೆ ಪತ್ರಿಕೆಗಳೂ ನೀರೆರೆದವು. ಸೇಂಟ್ ಪಾಲ್ ನಗರದ ಪಯೋನಿಯರ್ ಪ್ರೆಸ್ 2004ರಲ್ಲಿ, ವಾಷಿಂಗ್ಟನ್ ಪೋಸ್ಟ್ 2007ರಲ್ಲಿ ಪೀಪ್ಸ್ ಗೊಂಬೆ ದೃಶ್ಯಗಳ ಸ್ಪರ್ಧೆ ಆರಂಭಿಸಿದವು. ಅಲ್ಲಿ ಪೆಟ್ಟಿಗೆಯೊಳಗೆ ಅಲುಗಾಡದೆ ಕೂತಿದ್ದ ದೃಶ್ಯವನ್ನು ಸ್ವಲ್ಪ ಸ್ವಲ್ಪವೇ ಕದಲಿಸಿ, ಪ್ರತಿ ಸಲವೂ ಒಂದು ಫೋಟೋ ತೆಗೆದು, ಎಲ್ಲವನ್ನೂ ಓಡಿಸಿ ಚಲನೆ ಕೊಟ್ಟರೆ ಅದೇ ಸ್ಟಾಪ್ ಮೋಷನ್ ಸಿನಿಮಾ.

ಯಾವ ದೃಶ್ಯ?

ಉದಾಹರಣೆಗೆ ಆಲ್ಫ್ರೆಡ್ ಹಿಚ್‌ಕಾಕ್ ನಿರ್ದೇಶಿಸಿದ 1960ರ ‘ಸೈಕೋ’ ಚಿತ್ರದಲ್ಲಿ, ಸ್ನಾನ ಮಾಡುತ್ತಿರುವ ನಾಯಕಿಯನ್ನು ಕೊಲೆಗಾರ ಚಾಕುವಿನಿಂದ ಇರಿದು ಕೊಲ್ಲುವ ಸ್ನಾನದ ಮನೆಯ ದೃಶ್ಯವನ್ನೇ ತೆಗೆದುಕೊಳ್ಳೋಣ. ಮಿಠಾಯಿ ಅಣಕಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಇಲ್ಲ. ಏಳು ದಿನದ ಚಿತ್ರೀಕರಣ, 78 ಕ್ಯಾಮೆರಾ ಕೋನ, 52 ಕಟ್ ಎಂಬುದು ಆ ದೃಶ್ಯದ ಪ್ರಸಿದ್ಧ ಲೆಕ್ಕ. ಹೆದರಿಕೆ ಹುಟ್ಟುವುದು ಚೂರುಗಳ ಜೋಡಣೆಯಿಂದ. ಇನ್ನೊಂದು ಸಂಗತಿಯೂ ನಮಗೆ ಒದಗಿಬರುತ್ತದೆ. ಆ ದೃಶ್ಯದ ರಕ್ತ ನಿಜಕ್ಕೂ ಚಾಕೊಲೇಟ್ ಸಿರಪ್. ಕಪ್ಪುಬಿಳುಪು ಚಿತ್ರದಲ್ಲಿ ಕೆಂಪು ಬಣ್ಣಕ್ಕಿಂತ ಅದು ಚೆನ್ನಾಗಿ ಕಂಡಿತು. ಮಿಠಾಯಿಗೂ ಕ್ಲಾಸಿಕ್ ಸಿನಿಮಾಗೂ ನಂಟು ಹೊಸದಲ್ಲ. 1925ರ ‘ದಿ ಗೋಲ್ಡ್ ರಷ್’ನಲ್ಲಿ ಚಾಪ್ಲಿನ್ ಬೇಯಿಸಿಕೊಂಡು ತಿನ್ನುವ ಬೂಟು ಲಿಕೊರಿಸ್ ಎಂಬ ಜೇಷ್ಠಮಧುವಿನ ಮಿಠಾಯಿಯದ್ದು.

52 ಕಟ್‌ಗಳನ್ನೂ ನಕಲು ಮಾಡಲು ಹೋಗಬೇಡಿ. ಹದಿನಾಲ್ಕು ಶಾಟ್, ನಲವತ್ತು ಸೆಕೆಂಡ್ ಸಾಕು. ಮೂಲ ದೃಶ್ಯವನ್ನು ಧ್ವನಿ ಮುಚ್ಚಿ ಹತ್ತು ಸಲ ನೋಡಿ, ಕಣ್ಣು ಮುಚ್ಚಿದಾಗಲೂ ನೆನಪಿಗೆ ಬರುವ ಚೌಕಟ್ಟುಗಳನ್ನು ಮಾತ್ರ ಬರೆದುಕೊಳ್ಳಿ. ಮೇಲಿನಿಂದ ನೇರ ನಮ್ಮತ್ತ ಸುರಿಯುವ ಶವರ್, ಪರದೆಯ ಹಿಂದೆ ಬೆಳೆಯುವ ನೆರಳು, ಎತ್ತಿದ ಚಾಕು, ಕೊಂಡಿಗಳಿಂದ ಒಂದೊಂದಾಗಿ ಕಿತ್ತುಬರುವ ಪರದೆ, ನೀರಿನ ತೂಬು, ಕಣ್ಣು. ನೋಡುಗರಿಗೆ ಗುರುತು ಹತ್ತುವುದು ಇವುಗಳಿಂದಲೇ. ಉಳಿದವು ಇವನ್ನು ಜೋಡಿಸುವ ದಾರ ಅಷ್ಟೆ.

ಲೆಕ್ಕ ಹೀಗಿದೆ. ಸಿನಿಮಾ ಸೆಕೆಂಡಿಗೆ 24 ಚೌಕಟ್ಟು ಓಡುತ್ತದೆ. ಸ್ಟಾಪ್ ಮೋಷನ್‌ನಲ್ಲಿ ಒಂದೊಂದು ಫೋಟೋವನ್ನು ಎರಡು ಚೌಕಟ್ಟಿನ ಹೊತ್ತು ನಿಲ್ಲಿಸುವುದು ರೂಢಿ. ಅಂದರೆ ಸೆಕೆಂಡಿಗೆ 12 ಫೋಟೋ, ನಲವತ್ತು ಸೆಕೆಂಡಿಗೆ 480. ಒಂದು ಫೋಟೋಗೆ ಒಂದು ನಿಮಿಷ ಎಂದುಕೊಂಡರೂ ಎಂಟು ಗಂಟೆ, ಸೆಟ್ ಮತ್ತು ಬೆಳಕಿನ ತಯಾರಿ ಬಿಟ್ಟು. ಒಂದೇ ದಿನದಲ್ಲಿ ಮುಗಿಸುವ ಹುಮ್ಮಸ್ಸು ಬೇಡ. ದಿನಕ್ಕೆ ನಾಲ್ಕು ಶಾಟ್ ಎಂದು ಹಂಚಿಕೊಂಡರೆ ಕೈ ತಪ್ಪುವುದಿಲ್ಲ.

ನಟರ ಆರೈಕೆ

ಮಾರ್ಷ್‌ಮ್ಯಾಲೋ ಅಂದರೆ ಸಕ್ಕರೆ, ಕಾರ್ನ್ ಸಿರಪ್, ಜೆಲಟಿನ್ ಮತ್ತು ಗಾಳಿ. ಪೀಪ್ಸ್‌ನ ಕಣ್ಣು ಕಾರ್ನೌಬಾ ಎಂಬ ಸಸ್ಯಮೂಲದ ಮೇಣದ ಚುಕ್ಕೆ. (ಜೆಲಟಿನ್ ಹಂದಿಯ ಮೂಲದ್ದು. ಸಸ್ಯಾಹಾರಿಗಳು ಚಿತ್ರೀಕರಣ ಮುಗಿದ ಮೇಲೆ ನಟರನ್ನು ಬಾಯಿಗೆ ಹಾಕಿಕೊಳ್ಳಬಾರದು.) ಜೆಲಟಿನ್ ಸುಮಾರು 35 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸಡಿಲಗೊಳ್ಳುತ್ತದೆ. ಹಳೆಯ ಮಾದರಿಯ ಕಾದ ಬಲ್ಬಿನ ಎದುರು ಮರಿಗಳು ಕುಸಿಯುವುದು ಇದಕ್ಕೇ. ಎಲ್‌ಇಡಿ ದೀಪ ಬಿಟ್ಟು ಬೇರೆ ಬಳಸಬೇಡಿ, ಅದನ್ನೂ ಒಂದಡಿ ದೂರ ಇಡಿ.

ಕರಗೀತೆಂದು ಹೆದರಿ ಫ್ರಿಜ್ಜಿನಲ್ಲಿಡುವುದು ಎಲ್ಲರೂ ಮಾಡುವ ತಪ್ಪು. ಹೊರಗೆ ತೆಗೆದ ತಕ್ಷಣ ತಣ್ಣನೆಯ ಮೈಮೇಲೆ ಗಾಳಿಯ ತೇವ ಕೂತು ಸಕ್ಕರೆ ಪದರ ಕರಗುತ್ತದೆ, ಬಣ್ಣ ಹರಿಯುತ್ತದೆ, ಮರಿ ಬೆವತ ಹಾಗೆ ಹೊಳೆಯುತ್ತದೆ. ಆ ಹೊಳಪು ಮತ್ತೆ ಹೋಗುವುದಿಲ್ಲ. ಗಾಳಿ ಆಡದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಕೋಣೆಯ ತಾಪದಲ್ಲೇ ಇಡಿ. ಮಂಗಳೂರು, ಕಾರವಾರದಂಥ ಕರಾವಳಿಯ ಸೆಕೆಯಲ್ಲಾದರೆ ಎಸಿ ಹಾಕಿ ಕೋಣೆಯ ತೇವ ಇಳಿದ ಮೇಲೆ ಡಬ್ಬಿ ತೆರೆಯಿರಿ.

ತಾಜಾ ಮರಿ ಮೆತ್ತಗೆ, ಸ್ಪಂಜಿನ ಹಾಗೆ. ಒತ್ತಿದರೆ ಮತ್ತೆ ಉಬ್ಬುತ್ತದೆ. ಹಾಗಾಗಿ ‘ಕುಗ್ಗಿದ’ ಭಂಗಿಯಲ್ಲಿ ಅದು ನಿಲ್ಲುವುದಿಲ್ಲ, ನೀವು ಕೈ ತೆಗೆದು ಫೋಟೋ ಒತ್ತುವಷ್ಟರಲ್ಲಿ ಚಲಿಸಿಬಿಟ್ಟಿರುತ್ತದೆ. ಪ್ಯಾಕೆಟ್ ತೆರೆದು ಎರಡು ಮೂರು ದಿನ ಒಣ ಜಾಗದಲ್ಲಿ ಬಿಟ್ಟರೆ ಹೊರಮೈ ಬಿರುಸಾಗುತ್ತದೆ. ನಟನೆಗೆ ಬೇಕಾದದ್ದು ಈ ಹಳಸಿದ ಮರಿ. ಟೂತ್‌ಪಿಕ್ ಚುಚ್ಚಿದರೆ ಬಿಗಿಯಾಗಿ ಹಿಡಿಯುತ್ತದೆ, ಹೆಗಲಿಗೆ ಕೋಟು ತೊಡಿಸಿದರೆ ಜಾರುವುದಿಲ್ಲ. ಒಂದು ವಾರ ಬಿಟ್ಟರೆ ಮಾತ್ರ ಕಲ್ಲಾಗಿ ಟೂತ್‌ಪಿಕ್ಕೇ ಮುರಿಯುತ್ತದೆ.

ಮರಿಗಳು ಐದೈದು ಅಂಟಿಕೊಂಡ ಸಾಲಾಗಿ ಬರುತ್ತವೆ. ಎಳೆದು ಬಿಡಿಸಿದರೆ ಪಕ್ಕೆ ಕಿತ್ತು ಒಳಗಿನ ಬಿಳಿ ಕಾಣುತ್ತದೆ. ಕತ್ತರಿಗೆ ಕಾರ್ನ್‌ಫ್ಲೋರ್ ಸವರಿ ಕತ್ತರಿಸಿ, ಗಾಯದ ಜಾಗ ಅಂಟಂಟಾಗಿರುವಾಗಲೇ ಅದೇ ಬಣ್ಣದ ಸಕ್ಕರೆಯಲ್ಲಿ ಹೊರಳಿಸಿ. ಸಾಲಿನ ಎರಡು ತುದಿಯ ಮರಿಗಳಿಗೆ ಒಂದು ಪಕ್ಕೆ ಗಾಯವಿಲ್ಲದೆ ಇರುತ್ತದೆ. ಹತ್ತಿರದ ಶಾಟ್‌ಗೆ ಅವನ್ನೇ ಎತ್ತಿಡಿ. ಮುಖ್ಯ ಪಾತ್ರಕ್ಕೆ ಒಬ್ಬ ನಟ ಸಾಲದು, ಒಂದೇ ತೆರನ ಐದು ಮರಿ ಬೇಕು. ನೂರು ಸಲ ಮುಟ್ಟಿದ ಮರಿಯ ಸಕ್ಕರೆ ಉದುರಿ ಬೋಳಾಗಿರುತ್ತದೆ. ಬೆರಳು ತಾಗಿದಲ್ಲೆಲ್ಲ ಸಕ್ಕರೆಯ ಕಾಳು ಸ್ಥಾನ ಬದಲಿಸುವುದರಿಂದ ಪರದೆಯ ಮೇಲೆ ಆ ಭಾಗ ಕುದಿಯುತ್ತಿರುವ ಹಾಗೆ ಮಿನುಗುತ್ತದೆ. ಮುಂಭಾಗವನ್ನು ಮುಟ್ಟಲೇಬೇಡಿ, ಬೆನ್ನಿಗೆ ಚುಚ್ಚಿದ ಟೂತ್‌ಪಿಕ್ ಹಿಡಿದೇ ಕದಲಿಸಿ.

ಅಂಗಡಿಯಲ್ಲಿ ಸಿಗದಿದ್ದರೆ ಮನೆಯಲ್ಲೇ ಮಾಡಬಹುದು. 7 ಗ್ರಾಂ ಜೆಲಟಿನ್ ಪುಡಿಯನ್ನು 80 ಎಂಎಲ್ ತಣ್ಣೀರಿನಲ್ಲಿ ಐದು ನಿಮಿಷ ನೆನೆಸಿ. 200 ಗ್ರಾಂ ಸಕ್ಕರೆಗೆ 60 ಎಂಎಲ್ ನೀರು ಹಾಕಿ 114 ಡಿಗ್ರಿವರೆಗೆ ಪಾಕ ತೆಗೆಯಿರಿ. ನೀರಿಗೆ ಬಿಟ್ಟ ಹನಿ ಮೆತ್ತನೆ ಉಂಡೆಯಾಗುವ ಹದ ಅದು. ಪಾಕವನ್ನು ಜೆಲಟಿನ್‌ಗೆ ಸುರಿದು ಬೀಟರ್‌ನಲ್ಲಿ ಎಂಟು ಹತ್ತು ನಿಮಿಷ ಕಡೆದರೆ ಬೆಳ್ಳಗೆ ಗಟ್ಟಿಯಾಗಿ ಏಳುತ್ತದೆ. ಅರ್ಧ ಅಂಗುಲದ ದುಂಡು ಮೂತಿಯ ಪೈಪಿಂಗ್ ಚೀಲಕ್ಕೆ ತುಂಬಿ, ಬಣ್ಣದ ಸಕ್ಕರೆ ಹರಡಿದ ತಟ್ಟೆಯ ಮೇಲೆ ಮೊದಲು ಉದ್ದನೆ ಮೈ, ಅದರ ಮೇಲೆ ದುಂಡನೆ ತಲೆ ಹಿಂಡಿ, ಮುಂದಕ್ಕೆ ಚುಟುಕಾಗಿ ಎಳೆದು ಬಿಟ್ಟರೆ ಕೊಕ್ಕು. ಕೂಡಲೇ ಮೇಲಿಂದ ಸಕ್ಕರೆ ಉದುರಿಸಿ. ಕೈ ನಿಧಾನವಾದರೆ ಮಿಶ್ರಣ ಚೀಲದಲ್ಲೇ ಹೆಪ್ಪುಗಟ್ಟುತ್ತದೆ, ಪಾಕ ಎಳಸಾದರೆ ಮರಿ ತಲೆ ತಗ್ಗಿಸಿ ಚಪ್ಪಟೆಯಾಗುತ್ತದೆ. ಜೆಲಟಿನ್ ಬದಲು ಕಡಲಪಾಚಿಯ ಅಗರ್ ಅಗರ್ ಹಾಕಿ ಮಾಡಿದರೆ ತಿನ್ನಲು ಸರಿ, ಆದರೆ ಟೂತ್‌ಪಿಕ್ ಚುಚ್ಚಿದರೆ ಬಿರಿಯುತ್ತದೆ.

ಕ್ಯಾಮೆರಾ, ಬೆಳಕು, ಸ್ನಾನದ ಮನೆ

ನಟನ ಎತ್ತರ ಒಂದೂವರೆ ಅಂಗುಲ. ಕ್ಯಾಮೆರಾ ಮೇಜಿನ ಮಟ್ಟಕ್ಕೆ ಇಳಿಯದಿದ್ದರೆ ಮೇಲಿನಿಂದ ತಿಂಡಿ ತಟ್ಟೆ ನೋಡಿದ ಹಾಗಿರುತ್ತದೆ. ಲೆನ್ಸ್ ಮರಿಯ ಕಣ್ಣಿನ ನೇರಕ್ಕೆ ಬರಬೇಕು, ಅದಕ್ಕಾಗಿ ಸೆಟ್ಟನ್ನೇ ಮೇಜಿನ ಅಂಚಿಗೆ ಎಳೆದು ಟ್ರೈಪಾಡನ್ನು ಅಂಚಿನ ಕೆಳಗೆ ನಿಲ್ಲಿಸಿ. ಫೋನಿನಲ್ಲಾದರೆ ಸಾಮಾನ್ಯ ಲೆನ್ಸ್ ಹತ್ತಿರ ಒಯ್ದಾಗ ಕೊಕ್ಕು ಊದಿಕೊಳ್ಳುತ್ತದೆ. ಎರಡು ಪಟ್ಟಿನ ಲೆನ್ಸ್‌ಗೆ ಬದಲಿಸಿ ಒಂದಡಿ ಹಿಂದೆ ಸರಿಯಿರಿ. ಇಷ್ಟು ಹತ್ತಿರದಲ್ಲಿ ಫೋಕಸ್‌ನ ಆಳ ತೀರಾ ಕಡಿಮೆ, ಹಿನ್ನೆಲೆ ಮಸುಕಾಗಿ ಎಲ್ಲವೂ ಆಟಿಕೆಯಾಗಿ ಕಾಣುತ್ತದೆ. ಡಿಎಸ್‌ಎಲ್‌ಆರ್‌ನಲ್ಲಿ ಲೆನ್ಸಿನ ತೆರಪು ಎಫ್/8 ಅಥವಾ ಎಫ್/11, ಬೆಳಕಿನ ಸೂಕ್ಷ್ಮತೆ ಐಎಸ್‌ಒ 100, ಶಟರ್ ಕಾಲು ಸೆಕೆಂಡ್ ಇಟ್ಟರೆ ಹಿನ್ನೆಲೆ ಸಾಕಷ್ಟು ಹಿಡಿಯುತ್ತದೆ. ಮಿಠಾಯಿ ಕದಲುವುದಿಲ್ಲವಾದ್ದರಿಂದ ಶಟರ್ ನಿಧಾನವಾದರೂ ನಷ್ಟವಿಲ್ಲ. ಕಡಿಮೆ ಬೆಲೆಯ ಎಲ್‌ಇಡಿ ವಿದ್ಯುತ್ತಿನ ಲಯಕ್ಕೆ ಮಿನುಗುವುದನ್ನೂ ನಿಧಾನದ ಶಟರ್ ನುಂಗಿಹಾಕುತ್ತದೆ.

ಎಕ್ಸ್‌ಪೋಷರ್ (ಬೆಳಕಿನ ಪ್ರಮಾಣ), ಫೋಕಸ್, ವೈಟ್ ಬ್ಯಾಲೆನ್ಸ್ (ಬಣ್ಣದ ಹದ) ಮೂರನ್ನೂ ಬೀಗ ಹಾಕಿ. ಆಟೋದಲ್ಲಿ ಬಿಟ್ಟರೆ ಪ್ರತಿ ಫೋಟೋದಲ್ಲೂ ಕ್ಯಾಮೆರಾ ತನ್ನ ಮನಸ್ಸು ಬದಲಿಸಿ, ಜೋಡಿಸಿದಾಗ ಚಿತ್ರ ಮಿಣಮಿಣ ಎನ್ನುತ್ತದೆ. ಕಿಟಕಿ ಮುಚ್ಚಿ, ಮೋಡ ಸರಿದರೂ ಬೆಳಕು ಬದಲಾಗುತ್ತದೆ. ಬಿಳಿ ಅಂಗಿ ತೊಟ್ಟು ಚಿತ್ರೀಕರಿಸಬೇಡಿ. ನೀವು ಬಗ್ಗಿದಾಗೊಮ್ಮೆ ಎದ್ದಾಗೊಮ್ಮೆ ಅಂಗಿಯಿಂದ ಚಿಮ್ಮುವ ಬೆಳಕು ಬೇರೆ. ಫೋಟೋ ಒತ್ತಲು ರಿಮೋಟ್ ಬಳಸಿ. ಡ್ರಾಗನ್‌ಫ್ರೇಮ್ ಅಥವಾ ಫೋನಿನ ಸ್ಟಾಪ್ ಮೋಷನ್ ಸ್ಟುಡಿಯೊದಂಥ ತಂತ್ರಾಂಶದಲ್ಲಿ ಹಿಂದಿನ ಫೋಟೋ ತೆಳುವಾಗಿ ಮೇಲೆ ಕಾಣುತ್ತದೆ. ಎಷ್ಟು ಕದಲಿಸಿದಿರಿ ಎಂದು ಅಳೆಯಲು ಅದು ಬೇಕೇ ಬೇಕು.

ಕಪ್ಪುಬಿಳುಪಿನಲ್ಲಿ ತೆಗೆಯುವಾಗ ಬಣ್ಣದ ಗಣಿತ ಬೇರೆ. ಕಣ್ಣಿಗೆ ಹಳದಿ ಮತ್ತು ಗುಲಾಬಿ ಎಷ್ಟೇ ಬೇರೆ ಕಂಡರೂ ಬೂದುಬಣ್ಣಕ್ಕೆ ಇಳಿದಾಗ ಎರಡೂ ಹೆಚ್ಚುಕಡಿಮೆ ಒಂದೇ ತಿಳಿ ಛಾಯೆ. ನಾಯಕಿಯನ್ನು ಹಳದಿಯಲ್ಲಿ, ಕೊಲೆಗಾರನನ್ನು ಗುಲಾಬಿಯಲ್ಲಿ ಮಾಡಿದರೆ ಯಾರು ಯಾರೆಂದು ತಿಳಿಯದು. ಹಳದಿಯ ಎದುರಿಗೆ ಗಾಢ ನೀಲಿ ಅಥವಾ ನೇರಳೆ ಇಡಿ. ಫೋನಿನ ಮೋನೊ ಫಿಲ್ಟರ್‌ನಲ್ಲಿ ಒಂದು ಸಲ ನೋಡಿದರೆ ಅರ್ಧ ನಿಮಿಷದಲ್ಲಿ ಗೊತ್ತಾಗುತ್ತದೆ.

ಇನ್ನು ನೀರು. ನಿಜವಾದ ಒಂದು ಹನಿ ಬಿದ್ದರೂ ಸಕ್ಕರೆ ಪದರಕ್ಕೆ ತೂತು. ಅಷ್ಟಲ್ಲದೆ ಫೋಟೋದಿಂದ ಫೋಟೋಗೆ ನೀರನ್ನು ಹಿಡಿತದಲ್ಲಿಡುವುದು ಯಾರಿಂದಲೂ ಆಗದು. ಉಡುಗೊರೆ ಸುತ್ತುವ ಪಾರದರ್ಶಕ ಸೆಲೋಫೇನನ್ನು ಎರಡು ಮಿಲಿಮೀಟರ್ ಅಗಲದ ಎಳೆಗಳಾಗಿ ಕತ್ತರಿಸಿ ಶವರ್‌ನಿಂದ ಇಳಿಬಿಡಿ, ಹಿಂದಿನಿಂದ ಬೆಳಕು ಹಾಯಿಸಿ, ಪ್ರತಿ ಫೋಟೋಗೂ ಎಳೆಗಳನ್ನು ಸ್ವಲ್ಪ ತಿರುಚಿ. ಓಡಿಸಿ ನೋಡಿದರೆ ನೀರೇ. ಸ್ನಾನದ ಪರದೆಗೆ ಬೆಣ್ಣೆ ಕಾಗದ ಸಾಕು. ಕೊಲೆಗಾರ ಮರಿಯನ್ನು ಪರದೆಯಿಂದ ಒಂದು ಗೇಣು ಹಿಂದೆ ನಿಲ್ಲಿಸಿ, ಅದರ ಹಿಂದೆ ಒಂದೇ ಒಂದು ದೀಪ. ಮರಿಯನ್ನು ಪರದೆಯತ್ತ ಸರಿಸಿದರೆ ನೆರಳು ಚಿಕ್ಕದಾಗಿ ಹರಿತವಾಗುತ್ತದೆ, ದೀಪದತ್ತ ಸರಿಸಿದರೆ ದೊಡ್ಡದಾಗಿ ಮಸುಕಾಗುತ್ತದೆ. ನೆರಳು ದೊಡ್ಡದಾಗುತ್ತಲೂ ಇರಬೇಕು, ಹರಿತವಾಗಿಯೂ ಇರಬೇಕು ಎಂದರೆ ಮರಿಯನ್ನು ಅಲ್ಲೇ ಬಿಟ್ಟು ಕ್ಯಾಮೆರಾವನ್ನೇ ಫೋಟೋಗೆ ಮೂರು ಮಿಲಿಮೀಟರಿನಂತೆ ಒಳಗೆ ಸರಿಸಿ. ಕೈಯಿಲ್ಲದ ಕೊಲೆಗಾರನ ಚಾಕು ಪರದೆಯ ಹಿಂದೆಯೇ ಬರಲಿ. ತಂತಿಗೆ ಅಂಟಿಸಿದ ರಟ್ಟಿನ ಚೂರಾದರೂ ನೆರಳಿನಲ್ಲಿ ಚಾಕುವೇ. ಕ್ರಿಸ್‌ಮಸ್‌ನ ಕೆಂಪುಬಿಳಿ ಪಟ್ಟೆಯ ಕ್ಯಾಂಡಿ ಕೇನನ್ನು ಒಂದು ತುದಿ ಚೂಪಾಗಿ ಉಜ್ಜಿ ಬಳಸಿದರೆ ಹಬ್ಬದ ಮಿಠಾಯಿಯ ಮನೆಯೊಳಗೇ ಆಯುಧವೂ ಸಿಕ್ಕಂತಾಯಿತು.

ರಕ್ತಕ್ಕೆ ಮೂಲದ ಹಾಗೆಯೇ ಚಾಕೊಲೇಟ್ ಸಿರಪ್. ಅಂಗಡಿಯ ಸಿರಪ್ ತಾನಾಗಿ ಹರಿಯುತ್ತಲೇ ಇರುವುದರಿಂದ ಫೋಟೋ ಫೋಟೋ ತೆಗೆಯಲು ಬಗ್ಗುವುದಿಲ್ಲ. ಸ್ವಲ್ಪ ಕೋಕೋ ಪುಡಿ ಕಲಸಿ ಗಟ್ಟಿ ಮಾಡಿ, ಟೂತ್‌ಪಿಕ್ಕಿನಿಂದ ಮುಂದಕ್ಕೆ ಎಳೆಯುತ್ತಾ ಹೋಗಿ. ಅಥವಾ ತೂಬಿನ ಶಾಟ್ ಒಂದನ್ನು ಮಾತ್ರ ನೇರ ವಿಡಿಯೊ ತೆಗೆದು ಸೆಕೆಂಡಿಗೆ 12 ಚೌಕಟ್ಟಿಗೆ ಇಳಿಸಿದರೆ ಉಳಿದವುಗಳ ಜೊತೆ ಹೊಂದುತ್ತದೆ. ಮೂಲದಲ್ಲಿ ತೂಬಿನ ಕಪ್ಪು ದುಂಡು ನಿಧಾನವಾಗಿ ನಾಯಕಿಯ ಕಣ್ಣಾಗಿ ಕರಗುತ್ತದೆ. ನಮ್ಮಲ್ಲಿ ಆ ಕಣ್ಣು ಮೇಣದ ಚುಕ್ಕೆ. ತೀರಾ ಹತ್ತಿರದಿಂದ ತೆಗೆಯುವ ಮ್ಯಾಕ್ರೊ ಶಾಟ್‌ನಲ್ಲಿ ಆ ಕಂದು ಚುಕ್ಕೆ ಪರದೆ ತುಂಬಿದಾಗ, ಸುತ್ತಲೂ ಸಕ್ಕರೆ ಹರಳುಗಳು ಒದ್ದೆ ಚರ್ಮದ ಹಾಗೆ ಹೊಳೆಯುವಾಗ, ಮಿಟುಕದ ಕಣ್ಣು ಎನ್ನುವ ಕೊರತೆಯೇ ದೃಶ್ಯದ ಶಕ್ತಿಯಾಗುತ್ತದೆ. ಸತ್ತವರ ಕಣ್ಣು ಮಿಟುಕಬಾರದಲ್ಲ. ಈ ಕಟ್ ಸರಿಯಾಗಿ ಬೀಳಲು ತೂಬು ಮತ್ತು ಚುಕ್ಕೆ ಎರಡೂ ಚೌಕಟ್ಟಿನ ಅದೇ ಬಿಂದುವಿನಲ್ಲಿ, ಅದೇ ಗಾತ್ರದಲ್ಲಿ ಇರಬೇಕು. ತೂಬಿನ ಶಾಟ್ ಮೊದಲು ತೆಗೆದು, ಅದನ್ನು ತೆಳುವಾಗಿ ಪರದೆಯ ಮೇಲಿಟ್ಟುಕೊಂಡು ಕಣ್ಣಿನ ಶಾಟ್ ಹೊಂದಿಸಿ.

ನಡಿಗೆ ಅಂದರೆ ಇಲ್ಲಿ ಕುಪ್ಪಳಿಸುವುದು. ಒಂದು ನೆಗೆತಕ್ಕೆ ಆರು ಫೋಟೋ: ಹಿಂದಕ್ಕೆ ಒರಗು, ಮುಂದಕ್ಕೆ ಬಾಗು, ಗಾಳಿಯಲ್ಲಿ ಎರಡು, ನೆಲ ಮುಟ್ಟಿ ಮುಂದಕ್ಕೆ ವಾಲು, ನೆಟ್ಟಗೆ ನಿಲ್ಲು. ಗಾಳಿಯಲ್ಲಿರುವ ಎರಡಕ್ಕೆ ಬೆನ್ನಿಗೆ ತಂತಿ ಕೊಟ್ಟು ಎತ್ತಿ ಹಿಡಿದು, ಮರಿಯಿಲ್ಲದ ಖಾಲಿ ಸೆಟ್ಟಿನ ಒಂದು ಫೋಟೋ ಇಟ್ಟುಕೊಂಡರೆ ತಂತಿಯನ್ನು ಆಮೇಲೆ ಅಳಿಸಬಹುದು. ನೆಲಕ್ಕೆ ಥರ್ಮಾಕೋಲ್ ಹಲಗೆಯ ಮೇಲೆ ಬಣ್ಣದ ಕಾಗದ ಅಂಟಿಸಿ, ಮರಿಯ ತಳದ ಟೂತ್‌ಪಿಕ್ಕನ್ನು ಅದಕ್ಕೆ ಚುಚ್ಚಿ ನಿಲ್ಲಿಸಿ. ಗ್ಲೂ ಗನ್ ಹತ್ತಿರ ತರಬೇಡಿ, ಬಿಸಿ ಅಂಟು ಮಾರ್ಷ್‌ಮ್ಯಾಲೋವನ್ನು ಕೊರೆದು ಒಳಗೆ ಇಳಿಯುತ್ತದೆ. ರಾತ್ರಿ ಸೆಟ್ ಬಿಟ್ಟು ಹೋಗುವುದಾದರೆ ಮೇಜಿನ ನಾಲ್ಕು ಕಾಲನ್ನೂ ನೀರು ತುಂಬಿದ ತಟ್ಟೆಯಲ್ಲಿಡಿ. ಇಲ್ಲದಿದ್ದರೆ ಬೆಳಗ್ಗೆ ಇರುವೆಗಳು ನಟರನ್ನು ಹಂಚಿಕೊಂಡಿರುತ್ತವೆ.

ಧ್ವನಿ ಮತ್ತು ಕಾನೂನು

ಆ ದೃಶ್ಯಕ್ಕೆ ಸಂಗೀತವೇ ಬೇಡ ಎಂಬುದು ಹಿಚ್‌ಕಾಕ್ ಅವರ ಮೊದಲ ಯೋಚನೆ. ಸಂಗೀತ ಸಂಯೋಜಕ ಬರ್ನಾರ್ಡ್ ಹರ್ಮನ್ ಬರೆದ ಕೀರಲು ತಂತಿವಾದ್ಯ ಕೇಳಿ ಮನಸ್ಸು ಬದಲಿಸಿದರು. ಆ ಧ್ವನಿಮುದ್ರಣವನ್ನು ಎತ್ತಿ ಹಾಕಿದರೆ ಹಕ್ಕುಸ್ವಾಮ್ಯವಿರುವ ಧ್ವನಿಯನ್ನು ಗುರುತಿಸುವ ಯೂಟ್ಯೂಬ್‌ನ ಕಂಟೆಂಟ್ ಐಡಿ ವ್ಯವಸ್ಥೆ ಕೂಡಲೇ ಹಿಡಿಯುತ್ತದೆ. ಪಿಟೀಲಿನ ಮೇಲಿನ ತಂತಿಯಲ್ಲಿ ನಿಮ್ಮದೇ ಚುಟುಕು ಕೀರಲು ನುಡಿಸಿ ಸೇರಿಸಿ. ಕತ್ತರಿಸುವ ಸದ್ದಿಗೆ ಒಣ ಮಾರ್ಷ್‌ಮ್ಯಾಲೋ ಹಿಚುಕಿದರೆ ಸಾಕು, ಮೈಕ್ ಹತ್ತಿರ ಹಿಡಿಯಿರಿ.

ಕಾನೂನಿನಲ್ಲಿ ಬಹಳ ಜನ ಎಡವುವುದು ಒಂದೇ ಕಡೆ: ಎರಡು ವಸ್ತು ಬೆರೆಸಿದರೆ ಅಣಕವಾಯಿತು ಎಂದುಕೊಳ್ಳುವುದು. ಅಮೆರಿಕದ ಸುಪ್ರೀಂ ಕೋರ್ಟ್ 1994ರ ಕ್ಯಾಂಪ್‌ಬೆಲ್ ಪ್ರಕರಣದಲ್ಲಿ, ಹಣಕ್ಕಾಗಿ ಮಾಡಿದ ಅಣಕವೂ ನ್ಯಾಯಯುತ ಬಳಕೆ, ಅಂದರೆ ಅನುಮತಿಯಿಲ್ಲದೆಯೂ ಮಾಡಬಹುದಾದ ಬಳಕೆ, ಆಗಬಹುದು ಎಂದಿತು. ಆದರೆ ಅಣಕ ಆ ಮೂಲ ಕೃತಿಯ ಬಗ್ಗೆಯೇ ಏನಾದರೂ ಹೇಳುತ್ತಿರಬೇಕು. 2020ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯವೊಂದು, ಮಕ್ಕಳ ಪುಸ್ತಕವೊಂದನ್ನು ಬಾಹ್ಯಾಕಾಶ ಧಾರಾವಾಹಿಯ ಜೊತೆ ಬೆರೆಸಿದ ಕೃತಿಗೆ ಈ ರಕ್ಷಣೆ ಕೊಡಲಿಲ್ಲ, ಬೆರಕೆ ಮೂಲವನ್ನು ಟೀಕಿಸಲೂ ಇಲ್ಲ, ಅಣಕಿಸಲೂ ಇಲ್ಲ ಎಂಬ ಕಾರಣಕ್ಕೆ. ಭಾರತದ 1957ರ ಹಕ್ಕುಸ್ವಾಮ್ಯ ಕಾಯ್ದೆಯ 52(1)(ಎ) ಕಲಮಿನಲ್ಲಿ ಟೀಕೆ, ವಿಮರ್ಶೆಗೆ ವಿನಾಯಿತಿ ಇದೆ, ಅಣಕ ಎಂಬ ಪದವೇ ಇಲ್ಲ. ತಲೆನೋವೇ ಬೇಡ ಎನ್ನುವವರಿಗೆ ಅಮೆರಿಕದಲ್ಲಿ ಹಕ್ಕುಸ್ವಾಮ್ಯವಿಲ್ಲದ ಚಿತ್ರಗಳಿವೆ. 1968ರ ‘ನೈಟ್ ಆಫ್ ದಿ ಲಿವಿಂಗ್ ಡೆಡ್’ ಬಿಡುಗಡೆಗೆ ಮುನ್ನ ಹೆಸರು ಬದಲಿಸುವಾಗ ಹಕ್ಕುಸ್ವಾಮ್ಯದ ಸೂಚನೆ ಬಿಟ್ಟುಹೋಗಿ ಸಾರ್ವಜನಿಕ ಸ್ವತ್ತಾಯಿತು. ನಡೆಯಲಾರದೆ ವಾಲುವ ಹಳಸಿದ ಮರಿಗಳು ಆ ಚಿತ್ರದ ಎದ್ದು ಬರುವ ಶವಗಳ ಗುಂಪಿಗೆ ಹೇಳಿ ಮಾಡಿಸಿದ ನಟರು. ಮಿಠಾಯಿಯ ಹೆಸರು, ಲಾಂಛನವನ್ನು ಚಿತ್ರದ ಶೀರ್ಷಿಕೆಯಲ್ಲಿ ಮೆರೆಸಬೇಡಿ, ಕಂಪನಿಯೇ ಮಾಡಿಸಿದ್ದು ಎಂಬ ಭಾವನೆ ಬಂದರೆ ಟ್ರೇಡ್‌ಮಾರ್ಕಿನ ತಕರಾರು ಬೇರೆಯೇ ಏಳುತ್ತದೆ.

ಕರ್ನಾಟಕದ ಹಬ್ಬದ ಮಿಠಾಯಿಯಲ್ಲೇ ತೆಗೆಯಬೇಕು ಎನಿಸಿದರೆ ಸಂಕ್ರಾಂತಿಯ ಸಕ್ಕರೆ ಅಚ್ಚು ಇದೆ. ಅದರ ಕ್ರಮ ಪೂರ್ತಿ ಬೇರೆ. ಅಚ್ಚು ಗಟ್ಟಿ, ಟೂತ್‌ಪಿಕ್ ಇಳಿಯುವುದಿಲ್ಲ, ಬಾಗಿಸಿದರೆ ತುಂಡು. ತಳಕ್ಕೆ ಗಟ್ಟಿ ಪಾಕದಲ್ಲಿ ಕಬ್ಬಿಣದ ಪುಟ್ಟ ವಾಷರ್ ಅಂಟಿಸಿ, ತೆಳು ರಟ್ಟಿನ ನೆಲದ ಕೆಳಗಿನಿಂದ ಅಯಸ್ಕಾಂತ ಹಿಡಿದು ಸರಿಸಬೇಕು. ಒಂದೇ ಮರದ ಅಚ್ಚಿನಿಂದ ಇಪ್ಪತ್ತು ಒಂದೇ ತೆರನ ಗೊಂಬೆ ಬರುವುದರಿಂದ, ಒಂದನ್ನು ನೆಟ್ಟಗೆ, ಒಂದನ್ನು ತಳ ಉಜ್ಜಿ ವಾಲುವಂತೆ, ಒಂದನ್ನು ಇನ್ನಷ್ಟು ವಾಲುವಂತೆ ಮಾಡಿಟ್ಟುಕೊಂಡು ಫೋಟೋದಿಂದ ಫೋಟೋಗೆ ನಟನನ್ನೇ ಬದಲಿಸುತ್ತಾ ಹೋಗಬಹುದು. ಅಪ್ಪಟ ಬಿಳಿಯ ಅಚ್ಚಿಗೆ ಪಕ್ಕದಿಂದ ಒಂದೇ ದೀಪ ಹಾಕಿದರೆ ಹೂವಿನ ಎಸಳು, ಹಕ್ಕಿಯ ಗರಿಯ ಗೀರು ಎಲ್ಲವೂ ನೆರಳಾಗಿ ಎದ್ದು ಬರುತ್ತವೆ. ಕಪ್ಪುಬಿಳುಪಿಗೆ ಪೀಪ್ಸ್‌ಗಿಂತ ಇದೇ ಮೇಲು. ಅಚ್ಚನ್ನು ಮಾತ್ರ ಡಿಸೆಂಬರಿನಲ್ಲೇ ಹಾಕಿಟ್ಟುಕೊಳ್ಳಿ, ಹಬ್ಬದ ವಾರದಲ್ಲಿ ಮನೆಯವರು ಅದನ್ನು ಸೆಟ್ಟಿನ ಮೇಲೆ ಉಳಿಯಗೊಡುವುದಿಲ್ಲ.